ಸಮನ್ಸ್ ಕೊಡದೆ ಎಕ್ಸ್‌ಪಾರ್ಟಿ ಮಾಡಿದ್ದಾರೆ, ಅರ್ಜಿ ಕೇಳೋರಿಲ್ಲ. ಕೇಸ್ ನಡೀತಿರುವಾಗಲೇ ದೂರು ಕೊಡಬಹುದಾ? ಯಾರಿಗೆ?

ಅಡಿಕೆಸೀಮೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟಲ್ಲಿ ನಮ್ಮಪ್ಪನ ಮೇಲೆ ಪಾಲು ವಿಭಾಗದ ದಾವೆ ನಡೀತಿದೆ. ಹಾಕಿರೋರು ದೊಡ್ಡಪ್ಪನ ಮಕ್ಕಳು. ಅಪ್ಪ ಮೂರನೇ ಪ್ರತಿವಾದಿ. ಪಾಲು ಯಾರಿಗೆ ಎಷ್ಟು ಅನ್ನೋದನ್ನ ಕೋರ್ಟೇ ಹೇಳಲಿ, ಅದನ್ನ ಇಲ್ಲಿ ಕೇಳ್ತಿಲ್ಲ. ಕೇಸ್ ನಡೆದ ರೀತಿ ನೋಡಿ ಹೊಟ್ಟೆ ಉರೀತಿದೆ.

ನಮಗೆ ಸಮನ್ಸೇ ಬಂದಿಲ್ಲ. ಅಪ್ಪ ಅಮ್ಮ ಊರು ಬಿಟ್ಟು ಹೋಗೋರೇ ಅಲ್ಲ. ಆದರೂ ಫೈಲಲ್ಲಿ "ಮನೆಗೆ ಬೀಗ, ಬಾಗಿಲಿಗೆ ಅಂಟಿಸಿದೆ" ಅಂತ ಅಮೀನರ (ಸಮನ್ಸ್ ತಲುಪಿಸೋ ಕೋರ್ಟ್ ಸಿಬ್ಬಂದಿ) ವರದಿ ಇದೆಯಂತೆ. ಅದರ ಮೇಲೆ ಅಪ್ಪನನ್ನ ಎಕ್ಸ್‌ಪಾರ್ಟಿ ಮಾಡಿದ್ದಾರೆ, ಅಂದರೆ ಅಪ್ಪ ಬರಲಿಲ್ಲ ಅಂತ ಬರೆದು ಅವರನ್ನ ಬಿಟ್ಟು ಕೇಸ್ ನಡೆಸ್ತಿದ್ದಾರೆ. ಸೊಸೈಟಿ ಸಾಲಕ್ಕೆ ಪಹಣಿ ತೆಗೆಸಿದಾಗ ಅದರಲ್ಲಿ ದಾವೆ ನಂಬರ್ ಹಾಕಿ, ಪರಭಾರೆ ಮಾಡಬಾರದು ಅಂತ ತಡೆಯಾಜ್ಞೆ ನಮೂದಾಗಿತ್ತು. ನಮಗೆ ಗೊತ್ತಾಗಿದ್ದೇ ಹಾಗೆ.

ವಕೀಲರನ್ನ ಇಟ್ಟು ಎಕ್ಸ್‌ಪಾರ್ಟಿ ಆದೇಶ ರದ್ದು ಮಾಡಿ ಅಂತ ಅರ್ಜಿ ಹಾಕಿಸಿದ್ವಿ. ಅದು "ತಕರಾರಿಗೆ", "ತಕರಾರಿಗೆ" ಅಂತಲೇ, ಅಂದರೆ ಎದುರಿನವರ ಆಕ್ಷೇಪಣೆಗೆ ಅಂತ, ವಾಯಿದೆ ಮೇಲೆ ವಾಯಿದೆ ಹೋಗ್ತಿದೆ. ಅಷ್ಟರಲ್ಲಿ ವಾದಿಯ ಮುಖ್ಯ ವಿಚಾರಣೆ (ಅವರ ಸಾಕ್ಷ್ಯ ಹೇಳಿಕೆ) ಮುಗಿಸಿಬಿಟ್ಟಿದ್ದಾರೆ. ಒಂದು ಸಲ ನಮಗೆ ಹೇಳಿದ ತಾರೀಖಿಗಿಂತ ಮುಂಚೆಯೇ ಕೇಸ್ ಕರೆದು ನಾವು ಗೈರು ಅಂತ ಬರೆದಿದ್ದಾರೆ. ಆರ್ಡರ್ ಶೀಟ್ (ಪ್ರತಿ ತಾರೀಖಿಗೂ ಏನಾಯ್ತು ಅಂತ ಬರೆಯೋ ಹಾಳೆ) ನಕಲು ಕೇಳಿದರೆ ಫೈಲ್ ಒಳಗಿದೆ, ಆಮೇಲೆ ಬನ್ನಿ ಅಂತಾರೆ.

ಒಬ್ಬರು ಮುಖ್ಯಮಂತ್ರಿಗೆ ಬರಿ ಅಂತಾರೆ. ಒಬ್ಬರು ಆರ್‌ಟಿಐ ಹಾಕು ಅಂತಾರೆ. ನಮ್ಮ ವಕೀಲರು ದೂರು ಗೀರು ಬೇಡ, ಸಾಹೇಬರ ಕಣ್ಣಿಗೆ ಬೀಳ್ತೀರಿ ಅಂತಾರೆ. ತಿಳಿದೋರು ದಾರಿ ಹೇಳಿ.

ದುರ್ಗದ ಕೋಟೆ

ಹೈಕೋರ್ಟ್ ವಿಜಿಲೆನ್ಸ್‌ಗೆ (ಜಡ್ಜ್, ಸಿಬ್ಬಂದಿ ಮೇಲಿನ ದೂರು ನೋಡೋ ವಿಭಾಗ) ಒಂದು ದೂರು ಬರೆದು ಸ್ಪೀಡ್ ಪೋಸ್ಟ್ ಮಾಡಿ ಅಣ್ಣಾ. ಎಲ್ಲಾ ನೆಟ್ಟಗಾಗ್ತಾರೆ.

ಹರಿಹರದ ಹೊಳೆ

ಮುಖ್ಯಮಂತ್ರಿ, ಜಿಲ್ಲಾಧಿಕಾರಿ ಇವರಿಗೆಲ್ಲ ಬರದು ಟೈಮ್ ಹಾಳು ಮಾಡ್ಕೋಬ್ಯಾಡ್ರಿ. ನಡೆಯೋ ಕೇಸಿನಾಗ ಸರ್ಕಾರ ಕೈ ಹಾಕಂಗಿಲ್ಲ. ಬಂದ ಅರ್ಜಿ "ವಿಷಯ ನ್ಯಾಯಾಲಯದಲ್ಲಿದೆ" ಅಂತ ಹಿಂಬರಹ ಬರ್ಕೊಂಡು ವಾಪಸ್ ಬರ್ತೈತಿ, ಅಷ್ಟೇ.

ಪಿಜೆ ಬಡಾವಣೆ ವಕೀಲ

ಅಡಿಕೆಸೀಮೆಯವರೇ, ಮೊದಲಿಗೆ ಒಂದು ಮಾತು. ಕೋರ್ಟ್ ಯಾವುದು, ಜಡ್ಜ್ ಯಾರು, ದಾವೆ ನಂಬರ್ ಏನು ಅಂತ ಇಲ್ಲಿ ಬರೀಬೇಡಿ. ಈಗ ಬರೆದಿಲ್ಲ, ಒಳ್ಳೇದಾಯ್ತು, ಹಾಗೇ ಇರಲಿ.

ನಿಮ್ಮ ತೊಂದರೆ ಒಂದಲ್ಲ, ಎರಡು ಜಾತಿಯದು. ಕೋರ್ಟ್ ಮಾಡಿದ ಆದೇಶ ತಪ್ಪು ಅನ್ನೋದು ಒಂದು. ಕೋರ್ಟಲ್ಲಿ ಕೆಲಸ ಮಾಡೋ ಮನುಷ್ಯ ಸರಿಯಾಗಿ ನಡ್ಕೊಂಡಿಲ್ಲ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ದೂರು ಅನ್ನೋ ದಾರಿಯೇ ಇಲ್ಲ. ಅದಕ್ಕೆ ಮಧ್ಯಂತರ ಅರ್ಜಿ, ಮೇಲ್ಮನವಿ, ರಿಟ್ ಇವೇ. ಎರಡನೆಯದಕ್ಕೆ ದೂರು ಇದೆ. ಜನ ಎರಡನ್ನೂ ಒಂದೇ ಕಾಗದದಲ್ಲಿ ಕಲೆಸಿ ಬರೆಯೋದರಿಂದಲೇ ದೂರು ಮೂಲೆಗೆ ಹೋಗೋದು.

ಎಕ್ಸ್‌ಪಾರ್ಟಿ ವಿಷಯಕ್ಕೆ ಬರೋಣ. ನಿಮ್ಮ ಅರ್ಜಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 7ರ ಕೆಳಗೆ ಹಾಕಿರಬೇಕು. ಅದು ಇತ್ಯರ್ಥ ಆಗೋವರೆಗೂ ಕೈಕಟ್ಟಿ ಕೂರಬೇಕಿಲ್ಲ. 1955ರಲ್ಲೇ ಸುಪ್ರೀಂ ಕೋರ್ಟ್ ಸಂಗ್ರಾಮ್ ಸಿಂಗ್ ಪ್ರಕರಣದಲ್ಲಿ ಹೇಳಿದೆ: ಎಕ್ಸ್‌ಪಾರ್ಟಿ ಆದ ಪ್ರತಿವಾದಿ ಮುಂದಿನ ತಾರೀಖಿಗೆ ಬಂದರೆ, ಕೇಸ್ ಯಾವ ಹಂತದಲ್ಲಿದೆಯೋ ಅಲ್ಲಿಂದ ಭಾಗವಹಿಸೋ ಹಕ್ಕು ಅವನಿಗೆ ಇದ್ದೇ ಇದೆ. ಹಿಂದೆ ನಡೆದದ್ದನ್ನ ತಿರುಗಿಸಬೇಕಾದರೆ ಮಾತ್ರ ನಿಯಮ 7 ಬೇಕು. ಅಂದರೆ ವಾದಿಯ ಮುಖ್ಯ ವಿಚಾರಣೆ ಮುಗಿದಿದ್ದರೆ ನಿಮ್ಮ ವಕೀಲರು ಎದ್ದು ನಿಂತು ಪಾಟೀಸವಾಲಿಗೆ ಅವಕಾಶ ಕೇಳಬೇಕು. ಕೊಡದಿದ್ದರೆ ಆ ನಿರಾಕರಣೆ ಆರ್ಡರ್ ಶೀಟಲ್ಲಿ ಬರಬೇಕು.

ಅಡಿಕೆಸೀಮೆ

ಸರ್, ನಮ್ಮ ವಕೀಲರು ಎಕ್ಸ್‌ಪಾರ್ಟಿ ರದ್ದಾಗೋವರೆಗೂ ನಮಗೆ ಬಾಯಿ ತೆಗೆಯೋ ಹಕ್ಕೇ ಇಲ್ಲ ಅಂದಿದ್ರಲ್ಲ?

ಪಿಜೆ ಬಡಾವಣೆ ವಕೀಲ

ಹಾಗಿಲ್ಲ. ಲಿಖಿತ ಹೇಳಿಕೆ ಫೈಲ್ ಮಾಡೋಕೆ ರದ್ದಾಗಬೇಕು, ಅದು ನಿಜ. ಪಾಟೀಸವಾಲಿಗೆ, ವಾದ ಮಂಡಿಸೋಕೆ ಅಡ್ಡಿ ಇಲ್ಲ. ಲಿಖಿತ ಹೇಳಿಕೆಯನ್ನೂ ಈಗಲೇ ಸಿದ್ಧ ಮಾಡಿ ಅರ್ಜಿ ಜೊತೆಗೇ ಇಟ್ಟುಬಿಡಿ. 30 ದಿನ, ಹೆಚ್ಚೆಂದರೆ 90 ದಿನ ಅಂತ ನಿಯಮ ಹೇಳುತ್ತೆ. ಸಾಮಾನ್ಯ ಸಿವಿಲ್ ದಾವೆಗಳಲ್ಲಿ ಅದು ಕಡ್ಡಾಯದ ಗೆರೆ ಅಲ್ಲ, ಸರಿಯಾದ ಕಾರಣ ಇದ್ದರೆ ಸಡಿಲಿಸಬಹುದು ಅಂತ 2005ರ ಕೈಲಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಾಣಿಜ್ಯ ದಾವೆ ಆಗಿದ್ದರೆ 120 ದಿನ ದಾಟಿದ ಮೇಲೆ ಯಾರೂ ಉಳಿಸೋಕಾಗಲ್ಲ, ಆದರೆ ನಿಮ್ಮದು ಅದಲ್ಲ.

ನಿವೃತ್ತ ಶಿರಸ್ತೇದಾರ್ ಚಳ್ಳಕೆರೆ

ವಕೀಲರು ಹೇಳಿದ್ದು ಸರಿ ಐತೆ. ನಾನು ಕಚೇರಿ ಒಳಗಿನ ಮಾತು ಹೇಳ್ತೀನಿ. ಇಡೀ ಸೇವೆ ಸಿವಿಲ್ ಕೋರ್ಟುಗಳಲ್ಲೇ ಮಾಡಿದೋನು.

ಬಾಗಿಲಿಗೆ ಅಂಟಿಸೋದು ಅಮೀನನ ಇಷ್ಟಕ್ಕೆ ಬಿಟ್ಟದ್ದಲ್ಲ. ಆದೇಶ 5, ನಿಯಮ 17 ಓದಿ. ಪ್ರತಿವಾದಿ ಸಮನ್ಸ್ ತಗೊಳ್ಳಲ್ಲ ಅಂದಿರಬೇಕು, ಇಲ್ಲವೇ ಸರಿಯಾಗಿ ಪ್ರಯತ್ನ ಮಾಡಿದ ಮೇಲೂ ಸಿಕ್ಕಿರಬಾರದು, ಹತ್ತಿರದಲ್ಲಿ ಸಿಗೋ ಸಂಭವವೂ ಇರಬಾರದು. ಅಂಟಿಸಿದ ಮೇಲೆ ವರದಿಯಲ್ಲಿ ಮನೆ ತೋರಿಸಿದೋರು ಯಾರು, ಯಾರ ಎದುರಿಗೆ ಅಂಟಿಸಿದ್ದು ಅಂತ ಹೆಸರು, ವಿಳಾಸ ಬರೀಬೇಕು. ಮನೆಯಲ್ಲಿ ವಯಸ್ಕರು ಬೇರೆ ಯಾರಾದರೂ ಇದ್ದರೆ ಅವರಿಗೆ ಕೊಡಬಹುದು ಅಂತ ನಿಯಮ 15 ಐತೆ. ಹಾಗಾಗಿ ನಿಮ್ಮ ಮೊದಲ ಕೆಲಸ ಆ ವರದಿಯ ದೃಢೀಕೃತ ನಕಲು ತೆಗೆಸೋದು. ಸಾಕ್ಷಿಗಳ ಹೆಸರೇ ಇಲ್ಲದಿದ್ದರೆ ಅರ್ಧ ಕೆಲಸ ಆದಂಗೆ. ಹೆಸರು ಇದ್ದು ಅವರು ನಿಮ್ಮ ಊರವರೇ ಅಲ್ಲ ಅಂದ್ರೆ ಇನ್ನೂ ಗಟ್ಟಿ.

ಅದಾದ ಮೇಲೆ ನಿಯಮ 19. ಅಮೀನನನ್ನ ಪ್ರಮಾಣ ಮಾಡಿಸಿ ವಿಚಾರಿಸಿ ಅಂತ ನೀವು ಕೇಳಬಹುದು. ವರದಿ ಅಫಿಡವಿಟ್ ಮೇಲೆ ಇಲ್ಲದಿದ್ದರೆ ಕೋರ್ಟ್ ವಿಚಾರಿಸಲೇಬೇಕು. ಇದನ್ನ ಕೇಳೋ ವಕೀಲರು ಕಮ್ಮಿ. ಕೇಳಿ.

ನಕಲು ಸಿಗ್ತಿಲ್ಲ ಅಂದ್ರಲ್ಲ, ಬಾಯಲ್ಲಿ ಕೇಳಿದ್ರಾ, ಅರ್ಜಿ ಕೊಟ್ಟು ನಂಬರ್ ತಗೊಂಡ್ರಾ? ನಕಲು ವಿಭಾಗಕ್ಕೆ ಅರ್ಜಿ ಹೋದ್ರೆ ಅದಕ್ಕೆ ನಂಬರ್ ಬೀಳುತ್ತೆ, ರಿಜಿಸ್ಟರಲ್ಲಿ ತಾರೀಖು ಬೀಳುತ್ತೆ. ಆಮೇಲೆ ತಡ ಮಾಡಿದ್ರೆ ತಡ ಮಾಡಿದ್ದು ರಿಜಿಸ್ಟರಲ್ಲೇ ಕಾಣುತ್ತೆ. ಬಾಯಿ ಮಾತಿಗೆ ದಾಖಲೆ ಇಲ್ಲ.

ಅಡಿಕೆಸೀಮೆ

ಬಾಯಲ್ಲೇ ಕೇಳಿದ್ದು ಸರ್, ನಮ್ಮ ವಕೀಲರ ಗುಮಾಸ್ತರ ಮೂಲಕ. ನಾಳೆಯೇ ಅರ್ಜಿ ಕೊಡಿಸ್ತೀನಿ.

ಮಂಡಕ್ಕಿ ಭಟ್ಟಿ

ಅಮೀನರನ್ನೇ ಕಳ್ಳರು ಅಂತ ಮಾಡ್ಬ್ಯಾಡ್ರಿ. ನಮ್ಮ ಕಾಕಾ ಅದೇ ಕೆಲಸ ಮಾಡ್ತಿದ್ರು. ಒಬ್ಬ ಮನುಷ್ಯ ಎಷ್ಟು ಹಳ್ಳಿ ತಿರುಗಬೇಕು, ಬಸ್ಸು ಇಲ್ಲದ ಊರಿಗೆ ಸಂಜೆ ಹೆಂಗ ಹೋಗಬೇಕು ಗೊತ್ತೈತೇನ್ರಿ? ಎಷ್ಟೋ ಸಲ ವಾದಿನೇ ಬೇಕಂತ ತಪ್ಪು ವಿಳಾಸ ಕೊಟ್ಟಿರ್ತಾನ. ಹೊಲದಾಗಿರೋ ಮನೆ ಬಿಟ್ಟು ಊರಾಗಿನ ಹಳೆ ಮನೆ ವಿಳಾಸ ಹಾಕಿರ್ತಾನ. ಅಮೀನ ಹೋಗಿ ಬೀಗ ನೋಡಿ ಬರ್ತಾನ. ಅವನು ಬರೆದದ್ದು ಸುಳ್ಳಲ್ಲ, ವಿಳಾಸನೇ ಸುಳ್ಳು.

ನಿವೃತ್ತ ಶಿರಸ್ತೇದಾರ್ ಚಳ್ಳಕೆರೆ

ಮಂಡಕ್ಕಿ ಭಟ್ಟಿಯವರ ಮಾತು ತೂಕದ್ದು. ಅಡಿಕೆಸೀಮೆಯವರೇ, ದಾವೆಪತ್ರದಲ್ಲಿ ಯಾವ ವಿಳಾಸ ಕೊಟ್ಟಾರೆ ನೋಡಿ. ಯಾರ ಮೇಲಾದರೂ ಬೆರಳು ತೋರಿಸೋ ಮುಂಚೆ ಅದನ್ನ ನೋಡೋದು ನ್ಯಾಯ.

ಅಡಿಕೆಸೀಮೆ

ಈಗ ನೋಡ್ದೆ. ಊರೊಳಗಿನ ಹಳೇ ಮನೆ ವಿಳಾಸವೇ ಕೊಟ್ಟಿದ್ದಾರೆ! ಅಲ್ಲಿ ಯಾರೂ ಇಲ್ಲ, ಅಡಿಕೆ ಚೀಲ ಇಡ್ತೀವಿ ಅಷ್ಟೇ. ಅಪ್ಪ ಅಮ್ಮ ಇರೋದು ತೋಟದ ಮನೇಲಿ. ದೊಡ್ಡಪ್ಪನ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು, ಹಬ್ಬಕ್ಕೆ ಬಂದು ಅಲ್ಲೇ ಉಂಡು ಹೋಗಿದ್ದಾರೆ.

ಪಿಜೆ ಬಡಾವಣೆ ವಕೀಲ

ನೋಡಿ, ಇದೇ ನಿಮ್ಮ ಅರ್ಜಿಯ ಜೀವಾಳ. ಆಧಾರ್, ಪಡಿತರ ಚೀಟಿ, ತೋಟದ ಮನೆಯ ಕರೆಂಟ್ ಬಿಲ್ ಎಲ್ಲಾ ಜೋಡಿಸಿ ಹೆಚ್ಚುವರಿ ಅಫಿಡವಿಟ್ ಹಾಕಿಸಿ. ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಮುಂದೆ ಡಿಕ್ರಿಯೇ ಆಗಿಬಿಟ್ಟರೆ ಅದನ್ನ ರದ್ದು ಮಾಡಿ ಅಂತ ಆದೇಶ 9, ನಿಯಮ 13ರ ಅರ್ಜಿ ಹಾಕಬೇಕಾಗುತ್ತೆ. ಅಲ್ಲಿ "ಸಮನ್ಸ್ ಜಾರಿಯಲ್ಲಿ ಲೋಪ ಇತ್ತು" ಅನ್ನೋದೊಂದೇ ಸಾಲದು. ನಿಮಗೆ ತಾರೀಖು ಗೊತ್ತಿತ್ತು, ಬರೋಕೆ ಸಮಯವೂ ಇತ್ತು ಅಂತ ಕೋರ್ಟಿಗೆ ಅನ್ನಿಸಿದರೆ ರದ್ದು ಮಾಡಲ್ಲ. ನಿಮಗೆ ಕೇಸ್ ಈಗ ಗೊತ್ತಾಗಿದೆ. ಹಾಗಾಗಿ ಇನ್ನು ಮೇಲೆ ಒಂದು ತಾರೀಖೂ ತಪ್ಪಿಸಬೇಡಿ. ದೂರು ಬರೆಯೋ ಗಡಿಬಿಡಿಯಲ್ಲಿ ವಾಯಿದೆ ಮರೆತು ಕೇಸ್ ಕಳ್ಕೊಂಡೋರನ್ನ ನಾನು ನೋಡಿದ್ದೀನಿ.

ಗುಡ್ಡದ ದಾರಿ

ಆರ್‌ಟಿಐ ಹಾಕಿದ್ರೆ 30 ದಿನದಲ್ಲಿ ಇಡೀ ಫೈಲ್ ಕೊಡಲೇಬೇಕು. ಯಾಕೆ ನಕಲು ವಿಭಾಗದ ಬಾಗಿಲು ಕಾಯ್ತೀರಿ?

ಪಿಜೆ ಬಡಾವಣೆ ವಕೀಲ

ಕೊಡಲ್ಲ. 2020ರಲ್ಲಿ ಗುಜರಾತ್ ಹೈಕೋರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ: ನ್ಯಾಯಾಂಗ ದಾಖಲೆ ಬೇಕಿದ್ದರೆ ಆ ಕೋರ್ಟಿನ ನಿಯಮದ ಪ್ರಕಾರ ನಕಲು ಅರ್ಜಿ ಹಾಕಬೇಕು, ಆರ್‌ಟಿಐ ದಾರಿ ಅಲ್ಲ. ಅದೂ ಅಲ್ಲದೆ ನೀವು ಪಕ್ಷಕಾರರು, ನಕಲು ತಗೊಳ್ಳೋದು ನಿಮ್ಮ ಹಕ್ಕು, ಆರ್‌ಟಿಐ ಯಾಕೆ ಬೇಕು?

ಗುಡ್ಡದ ದಾರಿ

ಸರಿ ಸರ್. ಆದರೆ ಕಚೇರಿಯ ಆಡಳಿತದ ಮಾಹಿತಿ ಕೇಳಬಹುದಲ್ವಾ? ನಕಲು ಅರ್ಜಿಗಳು ಎಷ್ಟು ಬಾಕಿ ಇವೆ, ಎಷ್ಟು ದಿನಕ್ಕೆ ಕೊಡ್ತಾರೆ, ಹೀಗೆ.

ಪಿಜೆ ಬಡಾವಣೆ ವಕೀಲ

ಅಂಥ ಆಡಳಿತದ ಮಾಹಿತಿ ಕೇಳಬಹುದು, ಒಪ್ಪಿದೆ.

ಜಗಳೂರು ಅಕ್ಕ

ಒಂದು ಮಾತು ಯಾರೂ ಹೇಳಲಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಂತ ಕೋರ್ಟ್ ಆವರಣದಲ್ಲೇ ಇರುತ್ತೆ. ತಾಲ್ಲೂಕುಗಳಲ್ಲಿ ಸಮಿತಿ ಇರುತ್ತೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನ ಕೊಡಬೇಕು ಅಂತ ಕಾನೂನಿದೆ. ನಮ್ಮ ಯಜಮಾನರು ಹೋದಮೇಲೆ ಮೈದುನಂದಿರು ಹಾಕಿದ ಕೇಸಲ್ಲಿ ನನಗೆ ಅಲ್ಲಿಂದಲೇ ವಕೀಲರು ಸಿಕ್ಕಿದ್ದು. ದೊಡ್ಡ ಹೆಸರಿನ ವಕೀಲರಲ್ಲ, ಆದರೆ ಆ ಹುಡುಗಿ ಪ್ರತಿ ತಾರೀಖೂ ಬಂದಳು, ನನ್ನ ಕೂರಿಸಿಕೊಂಡು ಆರ್ಡರ್ ಶೀಟ್ ಓದಿ ಹೇಳಿದಳು. ಅಲ್ಲಿಯವರೆಗೂ ನನ್ನ ಕೇಸಲ್ಲಿ ಏನಾಗ್ತಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಅಡಿಕೆಸೀಮೆ ತಮ್ಮಾ, ನಿಮ್ಮ ಅಮ್ಮನೂ ಪ್ರತಿವಾದಿ ಆಗಿದ್ದರೆ ಅವರ ಹೆಸರಲ್ಲಿ ಅಲ್ಲಿ ಕೇಳಬಹುದು.

ದುರ್ಗದ ಕೋಟೆ

ಎಲ್ಲರೂ ಅರ್ಜಿ ಹಾಕಿ ಅರ್ಜಿ ಹಾಕಿ ಅಂತೀರಲ್ಲ, ಹಾಕಿದ ಅರ್ಜಿಯನ್ನೇ ಕೇಳ್ತಿಲ್ಲ ಅಂತ ಅವರು ಅಳ್ತಾ ಇರೋದು! ಇನ್ನೊಂದು ಅರ್ಜಿ ಹಾಕಿದ್ರೆ ಅದೂ ತಕರಾರಿಗೆ ಹೋಗುತ್ತೆ. ಹೆದರಿಕೆ ಇಲ್ಲದಿದ್ರೆ ಯಾರೂ ಕೆಲಸ ಮಾಡಲ್ಲ. ದೂರು ಬೇಕೇ ಬೇಕು. ಬೇಕಿದ್ರೆ ಕಚೇರೀಲಿ ಮಾತಾಡೋದನ್ನ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ, ಸಾಕ್ಷಿ ಆಗುತ್ತೆ.

ನಿವೃತ್ತ ಶಿರಸ್ತೇದಾರ್ ಚಳ್ಳಕೆರೆ

ವಿಡಿಯೋ ಮಾತ್ರ ಮಾಡಬೇಡಿ. ಕೋರ್ಟ್ ಹಾಲ್ ಒಳಗೆ ಅನುಮತಿ ಇಲ್ಲದೆ ರೆಕಾರ್ಡ್ ಮಾಡಿದ್ರೆ ಮೊಬೈಲ್ ಹೋಗುತ್ತೆ, ಮೇಲೆ ನಿಮ್ಮ ಮೇಲೇ ಕ್ರಮ ಆಗುತ್ತೆ.

ಉಳಿದಂತೆ ದುರ್ಗದವರ ಸಿಟ್ಟು ನನಗೆ ಅರ್ಥ ಆಗುತ್ತೆ. ದೂರು ಬೇಡ ಅಂತ ನಾವು ಹೇಳ್ತಿಲ್ಲ. ಸಿಬ್ಬಂದಿ ಮೇಲಿನ ದೂರು ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರಿಗೆ ಹೋಗಬೇಕು. ಜಿಲ್ಲೆಯ ಎಲ್ಲಾ ಅಧೀನ ಕೋರ್ಟುಗಳ ಆಡಳಿತ ಅವರ ಕೈಲಿ. ಕೊಟ್ಟು ಸ್ವೀಕೃತಿ ತಗೊಳ್ಳಿ. ಅದರಲ್ಲಿ ಬರೀಬೇಕಾದ್ದು ಇಷ್ಟು: ನಕಲು ಅರ್ಜಿ ಯಾವ ತಾರೀಖು ಕೊಟ್ವಿ, ನಂಬರ್ ಏನು, ಇವತ್ತಿಗೂ ಸಿಕ್ಕಿಲ್ಲ. ತಾರೀಖು ನಮಗೆ ಹೇಳಿದ್ದು ಇದು, ಕೇಸ್ ಕರೆದದ್ದು ಇದು. ಒಂದೇ ಪುಟ ಸಾಕು. "ಇವರೆಲ್ಲಾ ವಾದಿ ಕಡೆಯಿಂದ ದುಡ್ಡು ತಿಂದಿದ್ದಾರೆ" ಅಂತ ಆಧಾರ ಇಲ್ಲದೆ ಒಂದು ಸಾಲು ಸೇರಿಸಿದ್ರೋ, ಉಳಿದ ನಿಜವೂ ತೂಕ ಕಳ್ಕೊಳ್ಳುತ್ತೆ. ಹೆಸರಿಲ್ಲದ ಮೂಕರ್ಜಿ ಹಾಕೋದೂ ಬೇಡ, ಅದನ್ನ ಯಾರೂ ಓದಲ್ಲ.

ಪಿಜೆ ಬಡಾವಣೆ ವಕೀಲ

ತಾರೀಖು ಹಿಂದಕ್ಕೆ ತಂದ ವಿಷಯ ನನಗೂ ಗಂಭೀರ ಅನ್ನಿಸ್ತಿದೆ. ವಾದಿ ಕಡೆಯವರು ಕೇಸ್ ಅಡ್ವಾನ್ಸ್ ಮಾಡಿಸಿ (ಹೇಳಿದ ತಾರೀಖಿಗಿಂತ ಮುಂಚೆ ತಗೊಳ್ಳಿ) ಅಂತ ಅರ್ಜಿ ಹಾಕಿದ್ದರೆ ನಿಮಗೆ ನೋಟಿಸ್ ಬರಬೇಕಿತ್ತು. ಹಾಕದೇ ತಾರೀಖು ಬದಲಾಗಿದ್ದರೆ ಆರ್ಡರ್ ಶೀಟಲ್ಲಿ ಕಾರಣ ಇರಬೇಕು. ರಜೆ, ಜಡ್ಜ್ ತರಬೇತಿಗೆ ಹೋದದ್ದು, ಹೀಗೆ ಸಾಮಾನ್ಯ ಕಾರಣವೂ ಇರಬಹುದು. ಅದಕ್ಕೇ ನಕಲು ಮೊದಲು ಅಂತ ಹೇಳ್ತಿರೋದು. ಇ-ಕೋರ್ಟ್ಸ್ ಆ್ಯಪಲ್ಲಿ ಕಾಣೋ ತಾರೀಖನ್ನ ನಂಬಿ ದೂರು ಬರೀಬೇಡಿ, ಅದು ಮಾಹಿತಿಗೆ ಮಾತ್ರ, ದಾಖಲೆ ಅಂದರೆ ಆರ್ಡರ್ ಶೀಟೇ. ಆದರೂ ಆ್ಯಪಲ್ಲಿ ನಿಮ್ಮ ಕೇಸಿನ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡೋ, ಅಕ್ಷರ ಅಂಕಿ ಸೇರಿ 16 ಇರೋ ಗುರುತು) ಉಳಿಸಿಕೊಂಡು ದಿನಾ ಸಂಜೆ ನೋಡ್ತಾ ಇರಿ. ತಾರೀಖು ಬದಲಾದರೆ ಅವತ್ತೇ ಗೊತ್ತಾಗುತ್ತೆ.

ದುರ್ಗದ ಕೋಟೆ

ಮತ್ತೆ ಜಡ್ಜ್ ಮೇಲೆ? ಅರ್ಜಿ ಇಟ್ಕೊಂಡು ಕೂತಿರೋದು ಅವರೇ ಅಲ್ವಾ?

ಪಿಜೆ ಬಡಾವಣೆ ವಕೀಲ

ಅರ್ಜಿ ತಡ ಆದದ್ದು, ಆದೇಶ ತಪ್ಪಾದದ್ದು ಇವು ದುರ್ನಡತೆ ಅಲ್ಲ. ದುರ್ನಡತೆ ಅಂತ ತೋರಿಸೋ ಸಂಗತಿ, ಅದಕ್ಕೆ ಆಧಾರ ಇದ್ದರೆ ಹೈಕೋರ್ಟಿನ ವಿಜಿಲೆನ್ಸ್ ರಿಜಿಸ್ಟ್ರಾರ್‌ಗೆ ಬರೀಬಹುದು. ಆದರೆ ಪ್ರಮಾಣೀಕರಿಸಿದ ಅಫಿಡವಿಟ್, ಪರಿಶೀಲಿಸಬಹುದಾದ ದಾಖಲೆ ಇಲ್ಲದ ದೂರನ್ನ ಅಧೀನ ನ್ಯಾಯಾಂಗದ ಮೇಲೆ ಪರಿಗಣಿಸಲ್ಲ. ವಿಜಿಲೆನ್ಸ್‌ನವರು ನಿಮ್ಮ ಎಕ್ಸ್‌ಪಾರ್ಟಿ ಆದೇಶ ರದ್ದು ಮಾಡಲ್ಲ, ತಡೆಯಾಜ್ಞೆ ತೆಗೆಯಲ್ಲ. ದೂರು ಗೆದ್ದರೂ ಕೇಸ್ ಸೋಲಬಹುದು, ಇದು ತಲೇಲಿ ಇರಲಿ.

ಜಡ್ಜ್‌ಗೇ ನೇರವಾಗಿ ಪತ್ರ ಬರೆಯೋದಂತೂ ಬೇಡವೇ ಬೇಡ. ಎದುರಾಳಿಗೆ ಪ್ರತಿ ಕೊಡದೆ ಕೇಸಿನ ಬಗ್ಗೆ ಜಡ್ಜ್ ಜೊತೆ ಮಾತಾಡೋ ಹಾಗಿಲ್ಲ.

ಮಳೆಬೆಳೆ ಹೊಸದುರ್ಗ

ದೂರು ಕೊಟ್ಟರೆ ನ್ಯಾಯಾಂಗ ನಿಂದನೆ ಆಗಲ್ವಾ? ನಮ್ಮ ಊರಲ್ಲಿ ಎಲ್ಲರೂ ಅದಕ್ಕೇ ಹೆದರಿ ಬಾಯಿ ಮುಚ್ಕೊಂಡಿದ್ದಾರೆ.

ಪಿಜೆ ಬಡಾವಣೆ ವಕೀಲ

ಒಳ್ಳೆ ಪ್ರಶ್ನೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಕಲಮೇ ಇದಕ್ಕೆ ಉತ್ತರ. ಅಧೀನ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಹೈಕೋರ್ಟಿಗೆ ಸದುದ್ದೇಶದಿಂದ ಹೇಳಿದ ಮಾತು ನಿಂದನೆ ಆಗಲ್ಲ. ಆದರೆ ಅದೇ ಮಾತನ್ನ ವಾಟ್ಸ್ಆ್ಯಪ್ ಗುಂಪಲ್ಲಿ, ಫೇಸ್‌ಬುಕ್‌ನಲ್ಲಿ ಹಾಕಿದರೆ ಆ ರಕ್ಷಣೆ ಇಲ್ಲ. ಎಲ್ಲಿ ಹೇಳ್ತೀರಿ ಅನ್ನೋದು ಮುಖ್ಯ.

ಮಳೆಬೆಳೆ ಹೊಸದುರ್ಗ

ಇದನ್ನ ಕನ್ನಡದಲ್ಲಿ ಬರೆದು ಎಲ್ಲಾ ಕೋರ್ಟ್ ಮುಂದೆ ಅಂಟಿಸಬೇಕು. ಧನ್ಯವಾದ ಸರ್.

ಹರಿಹರದ ಹೊಳೆ

ಅದೆಲ್ಲ ಬಿಟ್ಟು ಹೈಕೋರ್ಟಿಗೆ ಸಂವಿಧಾನದ 227ನೇ ವಿಧಿಯಾಗ ರಿಟ್ ಹಾಕ್ರಿ, ಮೂರು ತಿಂಗಳಾಗ ಅರ್ಜಿ ಮುಗಿಸ್ರಿ ಅಂತ ಆದೇಶ ತಗೊಂಡು ಬರ್ರಿ. ನಮ್ಮ ಬೀಗರು ಹಂಗೇ ಮಾಡಿದ್ರು.

ಪಿಜೆ ಬಡಾವಣೆ ವಕೀಲ

ಹಿಂದೆ ಅದು ಸುಲಭವಾಗಿ ಸಿಗ್ತಿತ್ತು. 2024ರ ಫೆಬ್ರವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಬೇರೆ ಕೋರ್ಟಿನ ಕೇಸಿಗೆ ಕಾಲಮಿತಿ ಹಾಕೋದನ್ನ ಅಸಾಧಾರಣ ಸಂದರ್ಭಕ್ಕೆ ಮಾತ್ರ ಇಟ್ಕೊಳ್ಳಿ ಅಂತ ಹೇಳಿದೆ. ಹೈಕೋರ್ಟಿಗೆ ಹೋಗೋ ಶಕ್ತಿ ಇದ್ದೋರ ಕೇಸ್ ಮುಂದಕ್ಕೆ ಬಂದು, ಅಷ್ಟು ಶಕ್ತಿ ಇಲ್ಲದೋರ ಹಳೇ ಕೇಸ್ ಹಿಂದಕ್ಕೆ ಹೋಗಬಾರದು ಅನ್ನೋದು ಅದರ ಹಿಂದಿನ ಕಾಳಜಿ. ನನಗೆ ಅದು ಸರಿ ಅನ್ನಿಸುತ್ತೆ.

ಹರಿಹರದ ಹೊಳೆ

ನನಗೆ ಸರಿ ಅನ್ನಿಸಂಗಿಲ್ಲ ಸಾಹೇಬ್ರ. ಹಳ್ಳಿ ಮನುಷ್ಯ ಹೈಕೋರ್ಟ್ ತನಕ ಹೋಗ್ಯಾನ ಅಂದ್ರ ಎಲ್ಲಾ ಬಾಗಿಲು ತಟ್ಟಿ ಸೋತ ಮೇಲೇ ಹೋಗಿರ್ತಾನ. ಅವನಿಗೂ ಇಲ್ಲ ಅಂದ್ರ? 2023ರಾಗ ಯಶಪಾಲ್ ಜೈನ್ ಕೇಸಿನಾಗ ಅದೇ ಸುಪ್ರೀಂ ಕೋರ್ಟು ಐದು ವರ್ಷ ದಾಟಿದ ಕೇಸುಗಳ ಮೇಲೆ ಹೈಕೋರ್ಟುಗಳು ಕಣ್ಣಿಡ್ರಿ ಅಂತ ಹೇಳೈತಿ. ಆ ಕೇಸು 41 ವರ್ಷ ನಡೆದಿತ್ತು. ಕಣ್ಣಿಡೋರು ಇದ್ದಿದ್ರ ಇಂಥ ಪ್ರಶ್ನೆ ಇಲ್ಲಿ ಬರ್ತಿತ್ತೇನು?

ಪಿಜೆ ಬಡಾವಣೆ ವಕೀಲ

ನಿಮ್ಮ ಮಾತಲ್ಲಿ ನ್ಯಾಯ ಇದೆ. ಇವರಿಗೆ ಇನ್ನೊಂದು ಹತ್ತಿರದ ದಾರಿ ಇದೆ. ನಿಮ್ಮ ಮಾತು ಕೇಳದೆ ಕೊಟ್ಟ ತಡೆಯಾಜ್ಞೆ ಇದ್ದರೆ ಆದೇಶ 39, ನಿಯಮ 3ಎ ಪ್ರಕಾರ 30 ದಿನದಲ್ಲಿ ಎರಡೂ ಕಡೆ ಕೇಳಿ ತೀರ್ಮಾನ ಮಾಡೋಕೆ ಕೋರ್ಟ್ ಪ್ರಯತ್ನಿಸಬೇಕು. ಮಾಡದೇ ಹೋದರೆ ಆ ತಡೆಯಾಜ್ಞೆ ಮೇಲೆಯೇ ಮೇಲ್ಮನವಿ ಹೋಗಬಹುದು ಅಂತ 2000ದ ವೆಂಕಟಸುಬ್ಬಯ್ಯ ನಾಯ್ಡು ತೀರ್ಪು ಹೇಳುತ್ತೆ. ಅದು ಎಂ.ಎ. (ಇತರೆ ಮೇಲ್ಮನವಿ) ಆಗಿ ಇಲ್ಲೇ ಮೇಲಿನ ಕೋರ್ಟಿಗೆ ಬರುತ್ತೆ, ಬೆಂಗಳೂರಿಗೆ ಹೋಗೋ ಖರ್ಚಿಲ್ಲ.

ಹೊನ್ನಾಳಿ ಕಬ್ಬು

ಬೆಂಗಳೂರು ಅಂದಿದ್ದಕ್ಕೆ ಕೇಳ್ತೀನಿ. ದಾವಣಗೆರೆಯಿಂದ ಧಾರವಾಡ ಹತ್ತಿರ, ಬೆಂಗಳೂರು ದೂರ. ನಮ್ಮನ್ನ ಯಾಕೆ ಧಾರವಾಡ ಪೀಠಕ್ಕೆ ಸೇರಿಸಲಿಲ್ಲ?

ಮಂಡಕ್ಕಿ ಭಟ್ಟಿ

ಹೌದಲ್ರೀ. ಹರಪನಹಳ್ಳಿಯವರು ದಾವಣಗೆರೆ ಜಿಲ್ಲೆಯಾಗ ಇದ್ದೋರು, ಆಮೇಲೆ ಬಳ್ಳಾರಿಗೆ ಹೋದ್ರು, ಈಗ ವಿಜಯನಗರ. ಅವರಿಗೆ ಧಾರವಾಡ. ಪಕ್ಕದ ನಮಗೆ ಬೆಂಗಳೂರು.

ನಿವೃತ್ತ ಶಿರಸ್ತೇದಾರ್ ಚಳ್ಳಕೆರೆ

1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆಗೋ ಮುಂಚೆ ನೀವೂ ನಾವೂ ಒಂದೇ ಚಿತ್ರದುರ್ಗ ಜಿಲ್ಲೆ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ದುರ್ಗದೋರಿಗೆ ಬೆಂಗಳೂರೇ ಅನುಕೂಲ, ಹರಿಹರದೋರಿಗೆ ಧಾರವಾಡ. ಈ ಜಗಳಕ್ಕೆ ಬೇರೆ ಚರ್ಚೆ ತೆಗೀರಿ, ಅಡಿಕೆಸೀಮೆಯವರ ವಿಷಯ ಮುಳುಗಿ ಹೋಗ್ತೈತೆ.

ಭರಮಸಾಗರ ಭಕ್ತ

ಅಣ್ಣತಮ್ಮಂದಿರ ಪಾಲಿಗೆ ಕೋರ್ಟು ಯಾಕೆ ಅಂತ? ಸಿರಿಗೆರೆ ತರಳಬಾಳು ಮಠಕ್ಕೆ ಹೋಗಿ. ಸೋಮವಾರ ಸದ್ಧರ್ಮ ನ್ಯಾಯಪೀಠದಲ್ಲಿ ಗುರುಗಳು ಎರಡೂ ಕಡೆಯವರನ್ನ ಎದುರಿಗೆ ಕೂರಿಸಿಕೊಂಡು ಕೇಳ್ತಾರೆ. ಯಾವ ಜಾತಿಯವರೂ ಬರಬಹುದು. ವಕೀಲರ ಫೀಸಿಲ್ಲ. ನಮ್ಮೂರಲ್ಲಿ ಮಾತು ಬಿಟ್ಟಿದ್ದ ದಾಯಾದಿಗಳು ಅಲ್ಲಿ ಒಪ್ಪಿ ಒಂದೇ ಬಂಡಿಯಲ್ಲಿ ಊರಿಗೆ ಬಂದಿದ್ದಾರೆ.

ದುರ್ಗದ ಕೋಟೆ

ಸುಳ್ಳು ವಿಳಾಸ ಕೊಟ್ಟೋರು ಗುರುಗಳ ಮುಂದೆ ನಿಜ ಹೇಳ್ತಾರಾ?

ಭರಮಸಾಗರ ಭಕ್ತ

ಹೇಳ್ತಾರೆ. ಕೋರ್ಟಲ್ಲಿ ಸುಳ್ಳು ಹೇಳೋಕೆ ಧೈರ್ಯ ಬರುತ್ತೆ, ಊರಿನ ನಾಲ್ಕು ಜನ ಹಿಂದೆ ಕೂತಿರುವಾಗ ಬರಲ್ಲ.

ಪಿಜೆ ಬಡಾವಣೆ ವಕೀಲ

ಒಪ್ಪಂದ ಆಗೋದಾದರೆ ನನಗಿಂತ ಸಂತೋಷ ಪಡೋರಿಲ್ಲ. ಆದರೆ ಎರಡು ಮಾತು. ಅಲ್ಲಿ ಮಾತುಕತೆ ನಡೀತಿದೆ ಅಂತ ಇಲ್ಲಿ ವಾಯಿದೆ ತಪ್ಪಿಸಬೇಡಿ, ಕೋರ್ಟ್ ಗಡಿಯಾರ ನಿಲ್ಲಲ್ಲ. ಒಪ್ಪಂದ ಆದರೆ ಅದನ್ನ ಬರವಣಿಗೆಯಲ್ಲಿ ಎಲ್ಲರ ಸಹಿ ಹಾಕಿಸಿ, ಆದೇಶ 23, ನಿಯಮ 3ರಲ್ಲಿ ಕೋರ್ಟಿಗೆ ಕೊಟ್ಟು ರಾಜಿ ಡಿಕ್ರಿ ಮಾಡಿಸಿ. ಹೆಣ್ಣುಮಕ್ಕಳ ಸಹಿಯೂ ಇರಲಿ. ಅತ್ತೆಯಂದಿರನ್ನ ಬಿಟ್ಟು ಮಾಡಿಕೊಂಡ ರಾಜಿ ಮುಂದೆ ಮತ್ತೆ ಕೇಸಾಗುತ್ತೆ.

ಜಗಳೂರು ಅಕ್ಕ

ಕೊನೆಯ ಮಾತು ಎಲ್ಲರೂ ಕೇಳಿಸ್ಕೊಳ್ಳಿ. ಹೆಣ್ಣುಮಕ್ಕಳನ್ನ ಊಟಕ್ಕೆ ಕರೀತೀರಿ, ಸಹಿಗೆ ಕರೆಯಲ್ಲ.

ಕಾನೂನು ಕಲಿಯೋ ಹುಡುಗ

ಕೇಸನ್ನೇ ಬೇರೆ ಕೋರ್ಟಿಗೆ ವರ್ಗ ಮಾಡಿಸಬಹುದಲ್ವಾ? ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಇದೆಯಲ್ಲ.

ಪಿಜೆ ಬಡಾವಣೆ ವಕೀಲ

ಜಿಲ್ಲಾ ನ್ಯಾಯಾಧೀಶರ ಮುಂದೆ ಹಾಕಬಹುದು. ಆದರೆ ಇಲ್ಲಿ ನ್ಯಾಯ ಸಿಗಲ್ಲ ಅನ್ನೋ ಭಯಕ್ಕೆ ಸಕಾರಣ ತೋರಿಸಬೇಕು. ತಡ ಆಯ್ತು, ಆದೇಶ ವಿರುದ್ಧ ಬಂತು ಅನ್ನೋದು ಸಾಲದು. ಈಗಿನ ಸಂಗತಿಯಲ್ಲಿ ನಾನು ಸಲಹೆ ಮಾಡಲ್ಲ.

ಮಳೆಬೆಳೆ ಹೊಸದುರ್ಗ

ಅವರ ವಕೀಲರದ್ದೇ ತಪ್ಪಿದ್ರೆ? ಎಕ್ಸ್‌ಪಾರ್ಟಿ ಆದ್ರೂ ಪಾಟೀಸವಾಲು ಮಾಡಬಹುದು ಅಂತ ಅವರಿಗೇ ಗೊತ್ತಿಲ್ಲವಲ್ಲ. ಗ್ರಾಹಕರ ಆಯೋಗಕ್ಕೆ ಹಾಕಿ.

ಪಿಜೆ ಬಡಾವಣೆ ವಕೀಲ

ಆಗಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಬರಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವೃತ್ತಿ ದುರ್ನಡತೆ ಇದ್ದರೆ ವಕೀಲರ ಕಾಯ್ದೆಯ 35ನೇ ಕಲಂ ಪ್ರಕಾರ ರಾಜ್ಯ ವಕೀಲರ ಪರಿಷತ್ತಿಗೆ ಹೋಗಬೇಕು. ಇಲ್ಲಿ ದುರ್ನಡತೆ ಕಾಣ್ತಿಲ್ಲ. ನಂಬಿಕೆ ಹೋಗಿದ್ದರೆ ವಕೀಲರನ್ನ ಬದಲಿಸಿ, ಅಷ್ಟೇ. ಫೀಸ್ ಬಾಕಿ ಅಂತ ಕಕ್ಷಿದಾರನ ಕಾಗದ ಹಿಡಿದಿಟ್ಟುಕೊಳ್ಳೋ ಹಕ್ಕು ವಕೀಲನಿಗೆ ಇಲ್ಲ, 2000ದಲ್ಲೇ ಸಕ್ಸೇನಾ ಪ್ರಕರಣದಲ್ಲಿ ತೀರ್ಮಾನ ಆಗಿದೆ.

ಅಡಿಕೆಸೀಮೆ

ಎಲ್ಲರಿಗೂ ತಿಳಿಸ್ತಿದ್ದೀನಿ. ನಕಲು ಸಿಕ್ಕಿತು. ಅರ್ಜಿ ನಂಬರ್ ಹಾಕಿಸಿದ ಮೇಲೆ ಯಾರೂ ಆಮೇಲೆ ಬನ್ನಿ ಅನ್ನಲಿಲ್ಲ. ಅಮೀನರ ವರದಿಯಲ್ಲಿ ಅಂಟಿಸಿದ್ದಕ್ಕೆ ಸಾಕ್ಷಿ ಹೆಸರೇ ಇಲ್ಲ. ತಾರೀಖು ಹಿಂದಕ್ಕೆ ಬಂದದ್ದಕ್ಕೆ ವಾದಿ ಕಡೆಯಿಂದ ಅಡ್ವಾನ್ಸ್ ಅರ್ಜಿ ಇದೆ, ನಮಗೆ ಪ್ರತಿ ಕೊಟ್ಟ ಗುರುತಿಲ್ಲ. ಅಪ್ಪನ ಅಫಿಡವಿಟ್, ಕರೆಂಟ್ ಬಿಲ್, ಲಿಖಿತ ಹೇಳಿಕೆ ಎಲ್ಲಾ ಸೇರಿಸಿ ಹಾಕಿದ್ವಿ. ಅಮೀನರನ್ನ ವಿಚಾರಿಸಿ ಅಂತಲೂ ಕೇಳಿದ್ವಿ. ಪಾಟೀಸವಾಲಿಗೆ ಅವಕಾಶ ಕೊಟ್ಟಿದ್ದಾರೆ. ವಕೀಲರನ್ನ ಬದಲಿಸಿಲ್ಲ, ಅವರೇ ಸಂಗ್ರಾಮ್ ಸಿಂಗ್ ತೀರ್ಪು ಹುಡುಕಿ ತಂದು ವಾದ ಮಾಡಿದ್ರು.

ಜಿಲ್ಲಾ ನ್ಯಾಯಾಧೀಶರಿಗೆ ದೂರು ಬರೆದಿಟ್ಟಿದ್ದೀನಿ, ಒಂದೇ ಪುಟ. ಕೊಡಲಾ, ಈಗ ಬೇಡವಾ?

ದುರ್ಗದ ಕೋಟೆ

ಕೊಡಿ. ನಿಮಗೆ ದಾರಿ ಸಿಕ್ಕಿತು, ಮುಂದಿನವನಿಗೂ ಸಿಗಬೇಕಲ್ಲ.

ನಿವೃತ್ತ ಶಿರಸ್ತೇದಾರ್ ಚಳ್ಳಕೆರೆ

ಕೊಡಿ, ಆದರೆ ಅಡ್ವಾನ್ಸ್ ಅರ್ಜಿಯ ಸಂಗತಿ ಅದರಲ್ಲಿ ಬೇಡ. ಅದನ್ನ ಕೋರ್ಟ್ ಹಾಲಲ್ಲೇ ಎತ್ತಿ. ನಕಲು ತಡ ಆದದ್ದೂ ಅರ್ಜಿ ಕೊಡುವ ಮುಂಚಿನ ಮಾತು, ಅದಕ್ಕೆ ಕಾಗದ ಇಲ್ಲ. ಸಾಕ್ಷಿ ಹೆಸರಿಲ್ಲದ ವರದಿ ಒಪ್ಪಿಕೊಳ್ತಾರೆ ಅನ್ನೋದೊಂದು ಸಾಕು, ವರದಿಯ ನಕಲು ಜೊತೆಗೆ ಇಡಿ.

ಹೊಳಲ್ಕೆರೆ ತೆಂಗು

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಕೇಸಲ್ಲಿ ಎರಡನೇ ಪ್ರತಿವಾದಿ ಹೋದ ತಿಂಗಳು ತೀರಿಕೊಂಡರು. ನಾವು ವಾದಿಗಳು. ಕೋರ್ಟೇ ಅವರ ಮಕ್ಕಳನ್ನ ಸೇರಿಸ್ಕೊಳ್ಳುತ್ತಾ?

ಪಿಜೆ ಬಡಾವಣೆ ವಕೀಲ

ಇಲ್ಲ, ನೀವೇ ಸೇರಿಸಬೇಕು. ತೀರಿಕೊಂಡ ದಿನದಿಂದ 90 ದಿನದೊಳಗೆ ವಾರಸುದಾರರನ್ನ ದಾಖಲೆಗೆ ತರೋ ಅರ್ಜಿ ಹಾಕಿ. ತಪ್ಪಿದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತೆ. ಆಮೇಲೆ ಅದನ್ನ ತೆಗೆಸೋಕೆ 60 ದಿನ ಇದೆ, ಅದೂ ದಾಟಿದರೆ ತಡಕ್ಕೆ ಕಾರಣ ಕೊಡಬೇಕು. ಮರಣ ಪ್ರಮಾಣಪತ್ರಕ್ಕೆ ಇವತ್ತೇ ಓಡಾಡಿ. ಹೆಣ್ಣುಮಕ್ಕಳ ಹೆಸರೂ ಸೇರಿಸಿ.